ಅತ್ತೆ ಹತ್ತಿದ ಕಾರು

ಬೆಳಿಗ್ಗೆ ಕಿತ್ತಳೆ ಸುಲಿಯುತ್ತಿದ್ದೆ. ಸಿಪ್ಪೆಯಿಂದ ಸಿಡಿದ ಹನಿ ಮೂಗಿಗೆ ತಾಗಿದ್ದೇ ತಡ, ಹೊಟ್ಟೆಯೊಳಗೆ ಏನೋ ಒಂದು ತಿರುವು ತೆಗೆದುಕೊಂಡಂತಾಯಿತು. ಹಣ್ಣಿನ ತಪ್ಪಲ್ಲ. ನಾವು ಚಿಕ್ಕವರಿದ್ದಾಗ ಘಟ್ಟ ಇಳಿಯುವಾಗ ವಾಂತಿ ಬಾರದಿರಲೆಂದು ದೊಡ್ಡವರು ಕೈಗೆ ಕಿತ್ತಳೆ ಸಿಪ್ಪೆ ಕೊಡುತ್ತಿದ್ದರು. ಅದನ್ನು ಮೂಸುತ್ತ ಮೂಸುತ್ತಲೇ ನಾವು ವಾಂತಿ ಮಾಡಿಕೊಳ್ಳುತ್ತಿದ್ದೆವು. ಹಾಗಾಗಿ ನನ್ನ ಮಟ್ಟಿಗೆ ಆ ವಾಸನೆ ಹಣ್ಣಿನದಲ್ಲ, ಕಾರಿನದು. ಕಾರು ಎಂದಮೇಲೆ ಜಲಜತ್ತೆಯ ನೆನಪಾಗದೆ ಇರುವುದಿಲ್ಲ.

ಜಲಜತ್ತೆ ನನ್ನ ಅಪ್ಪನ ತಂಗಿ. ಕಳಸದ ಶಾಲೆಯಲ್ಲಿ ಟೀಚರಾಗಿದ್ದರು. ನನ್ನ ಕಿವಿ ಸೋರುತ್ತಿದ್ದಾಗ ಡಾಕ್ಟರಿಗೆ ತೋರಿಸಲು ಮಂಗಳೂರಿಗೆ ಕರೆದುಕೊಂಡು ಹೋದವರು ಅವರೇ. ಆ ಕಾರು ಕಪ್ಪು ಅಂಬಾಸಿಡರ್ ಎಂದು ನನ್ನ ನೆನಪು. ಅತ್ತೆಯ ಮಗಳು ವೀಣಾ, "ಎಂತ ಅಂಬಾಸಿಡರು ಮಾರಾಯ್ತಿ, ಅದು ಜೀಪು" ಅನ್ನುತ್ತಾಳೆ. ಅವಳು ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ಅಷ್ಟು ಗಟ್ಟಿಯಾಗಿ ಹೇಳುತ್ತಾಳಲ್ಲ, ಈಚೆಗೆ ನನ್ನ ಅಂಬಾಸಿಡರಿನ ಬಾಗಿಲುಗಳು ಒಂದೊಂದಾಗಿ ಕಳಚಿ, ಮೇಲೆ ಟಾರ್ಪಾಲು ಬಂದು ಕೂತು, ಅದು ಮೆಲ್ಲಗೆ ಜೀಪಾಗುತ್ತಿದೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಾಗಾಗಿ ಮುಂದೆ ಹೇಳುವುದನ್ನೂ ನೀವು ಸ್ವಲ್ಪ ಹುಷಾರಾಗಿಯೇ ಕೇಳಬೇಕು.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ಕಾಲದಲ್ಲಿ. ಅತ್ತೆ ಆ ಹೊತ್ತಿಗೆ ಮುಂಬೈಯಲ್ಲಿ ಮಗಳ ಮನೆ ಸೇರಿದ್ದರು. ವರ್ಷಕ್ಕೊಮ್ಮೆ ಒಬ್ಬರೇ ವಿಮಾನ ಹತ್ತಿ ಮಂಗಳೂರಿಗೆ ಬಂದು, ಅಲ್ಲಿಂದ ಗೋಣಿಬೀಡಿನ ಹತ್ತಿರದ ನಮ್ಮ ಮನೆಗೆ ಬರುತ್ತಿದ್ದರು. ಆ ಸಲ ಹೊರಡುವ ಮೊದಲು ವೀಣಾ ಫೋನು ಮಾಡಿದಳು. ಅಮ್ಮ ತರಕಾರಿ ತರಲು ಹೋದವರು ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿ, ಯಾರದೋ ಮನೆಯ ಬೀಗಕ್ಕೆ ತಮ್ಮ ಮನೆಯ ಕೀಲಿಕೈ ಹಾಕಿ ತಿರುಗಿಸುತ್ತಿದ್ದರಂತೆ.

"ಕಟ್ಟಡ ಎಲ್ಲಾ ಒಂದೇ ಥರ ಇರ್ತಾವಲ್ಲೇ" ಎಂದೆ.

"ಹಾಗೇ ಅಂದ್ಕೊಳ್ಳಣ. ಆದ್ರೆ ಇದೊಂದು ಸಲ ನೋಡ್ತೀನಿ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಇನ್ನು ಅಮ್ಮನ್ನ ಒಬ್ಬಳನ್ನೇ ಎಲ್ಲಿಗೂ ಕಳಿಸಲ್ಲ. ನೀನೇ ಜವಾಬ್ದಾರಿ."

ಹೀಗೆ ಅತ್ತೆಯ ಮುಂದಿನ ಎಲ್ಲ ಪ್ರಯಾಣಗಳೂ ನಾನು ಗೊತ್ತುಮಾಡುವ ಒಂದು ಕಾರಿನ ಮೇಲೆ ಬಂದು ನಿಂತವು.

ನಮ್ಮ ಕಡೆ ಕಾರು ಬುಕ್ ಮಾಡುವ ಪದ್ಧತಿ ಇಲ್ಲ. ಕಾರಿಗೆ ಹೇಳುತ್ತೇವೆ. ಹೇಳುವುದು ಎಂದರೆ ಬರುವವರು ಯಾರು, ಅವರಿಗೆ ಸಕ್ಕರೆ ಕಾಯಿಲೆ ಇದೆಯೇ, ಎಲ್ಲಿ ಕಾಫಿಗೆ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಲೇಬಾರದು ಎಂಬುದನ್ನೆಲ್ಲ ಗುರುತಿನ ಡ್ರೈವರನಿಗೆ ಒಪ್ಪಿಸುವುದು. ಒಮ್ಮೆ ಒಪ್ಪಿಸಿದರೆ ಅವನು ಕಾರು ಹತ್ತಿದವರ ಮಾತು ಕೇಳುವುದಿಲ್ಲ, ಹೇಳಿದವರ ಮಾತು ಕೇಳುತ್ತಾನೆ. ನಮ್ಮ ಊರಿನ ಸತೀಶ ಅಂಥವನು. ಅವನಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ವೀಣಾ ಒಪ್ಪಲಿಲ್ಲ. ಯಾವುದೋ ಕಂಪನಿಯ ವೆಬ್‌ಸೈಟಿನಲ್ಲೇ ಬುಕ್ ಮಾಡು, ಕಾರು ಎಲ್ಲಿದೆ ಅಂತ ಫೋನಿನಲ್ಲೇ ಕಾಣುತ್ತೆ ಎಂದಳು.

ಮಾಡಿದೆ. ಎಲ್ಲಿಂದ ಎಂದು ಕೇಳಿತು, ವಿಮಾನ ನಿಲ್ದಾಣ ಎಂದೆ. ಎಲ್ಲಿಗೆ ಎಂದು ಕೇಳಿತು, ಗೋಣಿಬೀಡು ಎಂದೆ. ಕೂಡಲೇ ನಿತಿನ್ ಎಂಬ ಡ್ರೈವರನ ಹೆಸರು, ಕಾರಿನ ನಂಬರು, ಹಲ್ಲುಕಿರಿದ ಒಂದು ಫೋಟೋ ಬಂದವು. ಆ ಫೋಟೋವನ್ನು ಎಷ್ಟು ಹೊತ್ತು ನೋಡಿದರೂ ಈ ಹುಡುಗ ಯಾರ ಮಗ, ಘಟ್ಟದಲ್ಲಿ ಹೇಗೆ ಓಡಿಸುತ್ತಾನೆ ಎಂಬುದು ತಿಳಿಯಲಿಲ್ಲ. ಫೋನು ಕೆಳಗಿಟ್ಟವಳು ಮತ್ತೆ ಎತ್ತಿ ಸತೀಶನಿಗೂ ಹೇಳಿಬಿಟ್ಟೆ.

ನನ್ನ ಗಂಡ ಕಣದಲ್ಲಿ ಕಾಫಿ ಹರವಿಸುತ್ತಿದ್ದವರು ಇದನ್ನು ಕೇಳಿ, "ಒಂದು ಹೆಂಗಸಿಗೆ ಎರಡು ಕಾರಾ? ಸಾಮಾನಿಗೊಂದು ಲಾರಿಗೂ ಹೇಳ್ಬಿಡು ಮಾರಾಯ್ತಿ" ಎಂದರು. ಒಂದನ್ನು ರದ್ದು ಮಾಡಬೇಕೆಂದು ನನಗೂ ಗೊತ್ತಿತ್ತು. ಯಾವುದನ್ನು ಎಂದು ತೀರ್ಮಾನಿಸುವಷ್ಟರಲ್ಲಿ ಆ ದಿನವೇ ಬಂದುಬಿಟ್ಟಿತು.

ವಿಮಾನ ಇಳಿದ ಮೇಲೆ ನಿಲ್ದಾಣದಿಂದ ಸತೀಶನ ಫೋನು ಬಂತು.

"ಅಕ್ಕ, ಟೀಚರ್ ಬಂದ್ರು. ಆದ್ರೆ ನನ್ನ ಕಾರು ಹತ್ತಲಿಲ್ಲ."

"ನಿನ್ನ ನೋಡಲಿಲ್ವಾ?"

"ನೋಡಿದ್ರು. 'ಏನ್ ಸತೀಶ, ಚೆನ್ನಾಗಿದ್ದೀಯಾ, ಹೆಂಡ್ತಿ ಚೆನ್ನಾಗಿದ್ದಾಳಾ' ಅಂತೆಲ್ಲ ಕೇಳಿದ್ರು. ಕೇಳಿ, ಬೋರ್ಡು ಹಿಡ್ಕಂಡು ನಿಂತಿದ್ದ ಹುಡುಗನ ಕಾರು ಹತ್ತಿ ಹೋಗೇ ಬಿಟ್ರು."

ಹೆಸರು ಹಿಡಿದು ಮಾತಾಡಿಸಿ ಆಮೇಲೆ ಬೇರೆ ಕಾರು ಹತ್ತಿದರೆ ಅದನ್ನು ಮರೆವು ಎನ್ನಬೇಕೋ ಏನೆನ್ನಬೇಕೋ ತಿಳಿಯಲಿಲ್ಲ. ಬೋರ್ಡಿನ ಮೇಲೆ ತಮ್ಮ ಹೆಸರು ಕಂಡು ಖುಷಿಯಾಗಿರಬಹುದು ಎಂದುಕೊಂಡೆ. ಅತ್ತೆಗೆ ಫೋನು ಮಾಡಿದರೆ ಅದು ಆರಿತ್ತು.

ಘಟ್ಟದ ಮೇಲಿನ ನಮಗೆಲ್ಲ ಒಂದು ಅಭ್ಯಾಸವಿದೆ. ಯಾರಾದರೂ ಕೆಳಗಿನಿಂದ ಬರುತ್ತಿದ್ದರೆ ಚಾರ್ಮಾಡಿ ಘಟ್ಟದಲ್ಲಿ ಅವರ ಫೋನು ಸಿಗುವುದಿಲ್ಲ. ಘಟ್ಟ ಹತ್ತಿ ಮೇಲಿನ ಕೊಟ್ಟಿಗೆಹಾರಕ್ಕೆ ಬಂದಾಗ ಸಿಗುತ್ತದೆ. ಅದಕ್ಕೇ ಎಲ್ಲರೂ ಮೊದಲು ಕೇಳುವುದು "ಕೊಟ್ಟಿಗೆಹಾರ ಬಂತಾ?" ಎಂದು. ಆ ದಿನ ನಾನು ನಿತಿನನ ನಂಬರಿಗೆ ಎಷ್ಟು ಸಲ ಫೋನು ಮಾಡಿದೆನೋ, ಅವನ ಕೊಟ್ಟಿಗೆಹಾರ ಬರಲೇ ಇಲ್ಲ. ಕಂಪನಿ ಕಳಿಸಿದ್ದ ನಕಾಶೆಯನ್ನು ತೆರೆದರೆ ಒಂದು ಪುಟ್ಟ ಕಾರು ಹೆಸರಿಲ್ಲದ ಹಸಿರಿನ ನಡುವೆ ಅಲುಗಾಡದೆ ನಿಂತಿತ್ತು. ಅವರ ಕಚೇರಿಗೆ ಫೋನು ಮಾಡಿದರೆ, ನಿಮ್ಮ ಪ್ರಯಾಣ ಸುಖಕರವಾಗಿ ಸಾಗುತ್ತಿದೆ ಎಂದು ಹೆಣ್ಣುದನಿಯೊಂದು ಹೇಳಿತು. ನಾನು ಮನೆಯ ಜಗಲಿಯಲ್ಲಿ ನಿಂತಿದ್ದೆ.

ಕೊನೆಗೆ ಗೇಟಿನಲ್ಲಿ ಕಾರಿನ ಸದ್ದಾಯಿತು. ಓಡಿದೆ. ಸತೀಶನ ಕಾರು. ಒಳಗೆ ಸತೀಶ ಒಬ್ಬನೇ. ಹಿಂದಿನ ಸೀಟಿನಲ್ಲಿ ಅತ್ತೆಗೆಂದು ನಾನೇ ಕಳಿಸಿದ್ದ ದಿಂಬು ಕೂತಿತ್ತು. ಖಾಲಿ ಕಾರು ಅಷ್ಟೊಂದು ಖಾಲಿಯಾಗಿ ಕಾಣಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಇನ್ನೂ ಬಂದಿಲ್ವಾ?" ಎಂದ ಅವನು. "ಅವರು ನನಗಿಂತ ಮುಂಚೆ ಹೊರಟಿದ್ರಲ್ಲ." ನನ್ನ ಮುಖ ನೋಡಿ ಸಮಾಧಾನ ಹೇಳಲು ನೋಡಿದ. "ಹೆದರ್ಬೇಡಿ ಅಕ್ಕ. ಘಟ್ಟದಲ್ಲಿ ಪ್ರತಿ ತಿರುವಲ್ಲೂ ನೋಡ್ಕಂಡೇ ಬಂದಿದ್ದೀನಿ. ರಸ್ತೆ ಮೇಲೆ ಎಲ್ಲೂ ಆ ಕಾರು ಇರಲಿಲ್ಲ."

ರಸ್ತೆ ಮೇಲೆ ಇರಲಿಲ್ಲ. ಆ ಮಾತು ನನ್ನ ತಲೆಯಲ್ಲಿ ಏನೇನು ರೂಪ ತಳೆಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾರ್ಮಾಡಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಮಂಜು ತುಂಬಿದ ಕಣಿವೆ. ಮನೆಯವರು ಕಾಲು ತೊಳೆದು ಚಪ್ಪಲಿ ಮೆಟ್ಟಿ ಬಂದರು. "ನಡಿ ಸತೀಶ, ವಾಪಸ್ ಇಳಿದು ನೋಡಣ" ಎಂದರು. ಅವರು ತಮಾಷೆ ಮಾಡದಿದ್ದುದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಕೈಯಲ್ಲಿದ್ದ ಫೋನಿಗೆ ವೀಣಾಳ ಕರೆ ಬರುತ್ತಲೇ ಇತ್ತು. ನಾನು ಎತ್ತಲಿಲ್ಲ.

ಅವರು ಕಾರಿಗೆ ಹತ್ತುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ನನಗೆ ಫೋನು ಬಂತು.

"ನಮಸ್ಕಾರ, ನಾನು ನಿತಿನ್, ಕಾರಿನವ. ಇಲ್ಲಿ ಒಬ್ಬರ ಫೋನಿಂದ ಮಾಡ್ತಾ ಇದ್ದೇನೆ, ನಂದು ಸಿಗ್ನಲ್ ಇಲ್ಲ. ಅಮ್ಮ ಊಟಕ್ಕೆ ಕೂತಿದ್ದಾರೆ. ಸ್ವಲ್ಪ ತಡ ಆಗ್ತದೆ ಅಂತ ಹೇಳ್ಲಿಕ್ಕೆ."

"ಎಲ್ಲಿ? ಎಲ್ಲಿದ್ದೀರಿ?"

"ಕಳಸದಲ್ಲಿ."

ನಾನು ಅಲ್ಲೇ ಜಗಲಿಯ ಮೆಟ್ಟಿಲ ಮೇಲೆ ಕೂತೆ. ಕಳಸಕ್ಕೆ ಬರಬೇಕಾದರೆ ಚಾರ್ಮಾಡಿ ಅಲ್ಲ, ಕಾರ್ಕಳದ ಕಡೆಯಿಂದ ಕುದುರೆಮುಖದ ಕಾಡು ಹತ್ತಿ ಬರಬೇಕು. ಬೇರೆಯದೇ ಘಟ್ಟ, ಬೇರೆಯದೇ ದಾರಿ.

"ಅಮ್ಮನೇ ಹೇಳಿದ್ದು ಮಾರ್ರೆ" ಎಂದ ಹುಡುಗ, ಹೆದರಿಕೊಂಡು. "ಮ್ಯಾಪು ಬೇರೆ ರೋಡು ತೋರಿಸ್ತದೆ ಅಂತ ನಾನು ಹೇಳಿದೆ. 'ಮ್ಯಾಪಿಗೆ ನಾನು ಪಾಠ ಮಾಡ್ತೀನಿ, ನೀನು ಸ್ಟೇರಿಂಗ್ ನೋಡ್ಕೋ' ಅಂದ್ರು. ನಾನೆಂತ ಮಾಡುದು ಹೇಳಿ?"

ಅತ್ತೆ ಊಟಕ್ಕೆ ಕೂತದ್ದು ಕಮಲಮ್ಮನ ಮನೆಯಲ್ಲಿ. ಟೀಚರಾಗಿದ್ದಷ್ಟು ಕಾಲವೂ ಅತ್ತೆ ಕಳಸದಲ್ಲಿ ಬಾಡಿಗೆಗಿದ್ದದ್ದು ಅವರ ಮನೆಯ ಒಂದು ಕೋಣೆಯಲ್ಲಿ.

ಸಂಜೆ ಬಿಸಿಲು ಕಣದ ಮೇಲೆ ಓರೆಯಾಗಿ ಬಿದ್ದಿದ್ದಾಗ ಅತ್ತೆ ಬಂದಿಳಿದರು. ಸೀರೆಯ ನೆರಿಗೆ ಸರಿಮಾಡಿಕೊಂಡು, "ಏನು, ಎಲ್ಲ ಸಾಲಾಗಿ ನಿಂತಿದ್ದೀರಿ, ಫೋಟೋ ತೆಗೀತಾರಾ?" ಎಂದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಒಂದು ಮಾತು ಹೇಳ್ಬಾರ್ದಾ ಅತ್ತೆ? ಫೋನ್ ಯಾಕೆ ಆರಿಸಿಟ್ಟಿದ್ರಿ?"

"ವಿಮಾನದಲ್ಲಿ ಆರಿಸಿ ಅಂದ್ರು, ಆರಿಸಿದೆ. ಮತ್ತೆ ಹಾಕಿ ಅಂತ ಯಾರೂ ಹೇಳಲಿಲ್ಲ. ಕಮಲಮ್ಮನ್ನ ನೋಡ್ಬೇಕು ಅಂತ ನಿನಗೆ ಎಷ್ಟು ಸಲ ಹೇಳಿದ್ದೆ. ನೀನು ನೋಡಣ ಅಂದೆ."

ನಿಜ, ಹೋದ ವರ್ಷವೂ ಅದರ ಹಿಂದಿನ ವರ್ಷವೂ ನೋಡಣ ಅತ್ತೆ, ದಾರಿ ಸರಿಯಿಲ್ಲ, ಕೊಯ್ಲು ಮುಗೀಲಿ ಎಂದಿದ್ದೆ. ನಮ್ಮ ಮನೆಗಳಲ್ಲಿ ನೋಡಣ ಎಂದರೆ ಇಲ್ಲ ಎಂದೇ ಅರ್ಥ. ಅದನ್ನು ಹೇಳಿದವರಿಗೂ ಕೇಳಿದವರಿಗೂ ಅದು ಗೊತ್ತಿರುತ್ತದೆ.

ವೀಣಾಳಿಗೆ ಫೋನು ಮಾಡಿ, ಅಮ್ಮ ಬಂದರು, ಎಲ್ಲ ಸರಿಯಾಗಿದೆ, ಮರೆವು ಗಿರೆವು ಏನಿಲ್ಲ, ಹಟ ಅಷ್ಟೇ ಎಂದೆ. ಹೇಳುವಾಗ ನನಗೆ ಹೆಮ್ಮೆಯೇ ಆಗಿತ್ತು.

ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಅತ್ತೆ ಕಡುಬು ಮುರಿಯುತ್ತ ಹೇಳಿದರು, "ಕಮಲಮ್ಮನ್ನ ಒಂದ್ಸಲ ನೋಡ್ಬೇಕಲ್ಲೇ. ಯಾವಾಗ ಕರ್ಕೊಂಡು ಹೋಗ್ತೀ?"

ಮನೆಯವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಕಡುಬಿನ ಮೇಲಿನ ಗಮನ ಬಿಟ್ಟರೆ ಬೇರೇನೂ ಇರಲಿಲ್ಲ. ನಿನ್ನೆ ತಾನೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಇವತ್ತೇ ಹೋಗಣ ಅತ್ತೆ" ಎಂದೆ. ನೋಡಣ ಎನ್ನುವ ಧೈರ್ಯ ಬರಲಿಲ್ಲ.

ಸತೀಶನಿಗೆ ಹೇಳಿ ಹೋದೆವು. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಚಿಂತೆ. ಕಮಲಮ್ಮ ಬಾಗಿಲು ತೆಗೆದು, ಏನೇ ಮತ್ತೆ ಬಂದೆ ಎಂದರೆ ಏನು ಗತಿ? ಅತ್ತೆಯ ಮುಖ ಆಗ ಹೇಗಾಗಬಹುದು? ಬಾಗಿಲು ತೆರೆಯಿತು. ಕೋಲೂರಿಕೊಂಡು ಬಂದ ಕಮಲಮ್ಮ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬಾರೇ ಜಲಜ. ಎಷ್ಟು ಕಾಲ ಆಯ್ತೇ ನಿನ್ನ ನೋಡಿ!"

ಅವರಿಗೂ ಮರೆವೋ, ಗೆಳತಿಯ ಮಾನ ಉಳಿಸಿದರೋ, ಅಥವಾ ಇಬ್ಬರೂ ಸೇರಿ ನನ್ನನ್ನು ಆಟವಾಡಿಸುತ್ತಿದ್ದರೋ! ಅಡಿಗೆಮನೆಯಿಂದ ಇಬ್ಬರ ನಗು ಕೇಳುತ್ತಿತ್ತು. ನಾನು ಹೊರಗೆ ಬೆಂಚಿನ ಮೇಲೆ ಕೂತು ಯಾವುದನ್ನು ನಂಬುವುದೆಂದು ಲೆಕ್ಕ ಹಾಕುತ್ತಿದ್ದೆ. ಆ ದಿನದ ಡೈರಿಯಲ್ಲಿ ಕಳಸಕ್ಕೆ ಹೋಗಿ ಬಂದೆವು ಎಂದಷ್ಟೇ ಬರೆದಿದ್ದೇನೆ. ನಕ್ಕದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಆದರೆ ಭಯ ನನ್ನಲ್ಲಿ ಉಳಿಯಲಿಲ್ಲ, ಬಾಯಿಗೆ ಬಂತು. ಅದೇ ವಾರ ವೀಣಾಳಿಗೆ ಇಷ್ಟನ್ನೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಸಾಕು ಹಾಗಾದ್ರೆ" ಎಂದಳು. ಅವಳೇ ಬಂದು ಅಮ್ಮನನ್ನು ಕರೆದುಕೊಂಡು ಹೋದಳು. ಆಮೇಲೆ ಅತ್ತೆ ಈ ಕಡೆ ಬರಲಿಲ್ಲ.

ಈ ಬೆಳಿಗ್ಗೆ ಆ ಹಣ್ಣನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು ಮುಂಬೈಗೆ ಫೋನು ಮಾಡಿದೆ.

"ಅತ್ತೆಯನ್ನ ಕಳಿಸು ವೀಣಾ."

"ಈಗ ಇನ್ನೂ ಜಾಸ್ತಿ ಆಗಿದೆ ಕಣೇ. ಕೆಲವು ದಿನ ನನ್ನನ್ನೇ ಯಾರು ಅಂತ ಕೇಳ್ತಾಳೆ."

"ಅದಕ್ಕೇ ಕಳಿಸು ಅಂತಿರೋದು. ಅಲ್ಲಿ ನೀನು ವಿಮಾನ ಹತ್ತಿಸು. ಇಲ್ಲಿ ಇಳಿದಾಗ ಬಾಗಿಲಲ್ಲಿ ನಾನೇ ನಿಂತಿರ್ತೀನಿ."

ಅವಳು ಅತ್ತೆಯ ಕೋಣೆಗೆ ನಡೆದದ್ದು ಕೇಳಿಸಿತು. ಆಮೇಲೆ, "ಅವಳನ್ನೇ ಕೇಳು" ಎಂದು ಫೋನು ಕೊಟ್ಟಳು.

"ಯಾರು?" ಎಂದರು ಅತ್ತೆ. ಹೇಳಿದೆ. ಗೊತ್ತಾಯಿತೋ ಇಲ್ಲವೋ. ಬರ್ತೀರಾ, ಕಾರಿಗೆ ಹೇಳಲಾ ಎಂದು ಕೇಳಿದೆ.

"ಹೇಳು" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಸತೀಶಂಗೆ ಮಾತ್ರ ಬೇಡ. ಅವನು ನೀನು ಹೇಳಿದ ದಾರೀಲೇ ಹೋಗ್ತಾನೆ."

ವೀಣಾ ದಿನ ಹೇಳಿದಳು. ಫೋನು ಇಟ್ಟು ಅದೇ ಕಂಪನಿಯ ಪುಟ ತೆರೆದೆ. ಈ ಸಲ ನಾನೂ ಹತ್ತಿ ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಕಾರು. ಇನ್ಯಾರೋ ಡ್ರೈವರನ ಹೆಸರು ಬಂತು. ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ. "ವಾಪಸ್ ಬರುವಾಗ ಯಾವ ಘಟ್ಟ ಮೇಡಂ, ಚಾರ್ಮಾಡಿಯಾ?"

"ನನಗೆ ಗೊತ್ತಿಲ್ಲ. ವಿಮಾನದಿಂದ ಇಳಿದು ಬರೋರು ಹೇಳ್ತಾರೆ" ಎಂದೆ.

ಅವನು ಯಾರ ಮಗ, ಘಟ್ಟದಲ್ಲಿ ಹೇಗೆ ಓಡಿಸುತ್ತಾನೆ ಎಂದು ವಿಚಾರಿಸಬೇಕೆನಿಸಿತು. ಫೋನು ಇನ್ನೂ ಕೈಯಲ್ಲೇ ಇದೆ. ಸತೀಶನಿಗೆ ಹೇಳಿಲ್ಲ.