ಅಮ್ಮನ ಮಂಡಿಗೆ ನಾನು ಬರೆದ ಉತ್ತರ

ಇಪ್ಪತ್ತು ವರ್ಷ ವಿಮೆ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸಿದ ನನಗೆ ಯಾವ ಫಾರಂ ಕಂಡರೂ ಅನುಮಾನ. ಪಾಲಿಸಿ ಮಾಡಿಸುವಾಗ ಬರೆದ ಒಂದೇ ಒಂದು ‘ಹೌದು’ ಮುಂದೆ ಹೇಗೆ ಮುಳುವಾಗುತ್ತದೆಂದು ದಿನವೂ ನೋಡುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಅಮ್ಮನ ಬಲ ಮಂಡಿ ಸವೆದು, ಹಲಸೂರಿನ ನಮ್ಮ ಮಹಡಿ ಮನೆಯಿಂದ ಅವಳು ಕೆಳಗಿಳಿಯದೆ ಮೂರು ವರ್ಷವಾಗಿತ್ತು. ತಾನೇ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಆರಿಸಿ ತರಬೇಕು, ಅಷ್ಟೇ ಅವಳ ಆಸೆ. ನಾನು ತಂದ ಸೊಪ್ಪು ಅವಳಿಗೆ ಒಂದು ದಿನವೂ ಹಿಡಿಸಿದ್ದಿಲ್ಲ.

ಮಂಡಿ ಬದಲಾಯಿಸುವ ಆಪರೇಷನ್ನಿಗೆ ವಾರವಿರುವಾಗ ಆಸ್ಪತ್ರೆಯಲ್ಲಿ ಇಂಗ್ಲಿಷ್ ಫಾರಂ ಒಂದನ್ನು ಕೊಟ್ಟರು. ಡಾಕ್ಟರಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷ್ ಬಾರದು. ಓದಿ ಹೇಳಿ ತುಂಬುವವನು ನಾನು. ನಿದ್ದೆ ಬರುತ್ತದೆಯೇ? ಬೇರೆಲ್ಲಾದರೂ ನೋವಿದೆಯೇ? ಭಯವಿದೆಯೇ?

“ನಿಮ್ಮಪ್ಪ ಹೋದಾಗಿಂದ ನಿದ್ದೆ ಎಲ್ಲಪ್ಪಾ? ಸೊಂಟ, ಭುಜ ಎಲ್ಲಾ ನೋಯುತ್ತೆ. ಆಪರೇಷನ್ ಅಂದ್ರೆ ಕೈಕಾಲು ನಡುಗುತ್ತೆ. ಹಂಗೇ ಬರಿ,” ಎಂದಳು ಅಮ್ಮ.

ಮಂಡಿಗೂ ನಿದ್ದೆಗೂ ಎಲ್ಲಿಯ ಸಂಬಂಧ? ನಾಳೆ ನೋವು ಹೋಗದಿದ್ದರೆ ‘ನಿಮ್ಮಮ್ಮನ ಮನಸ್ಸೇ ಸರಿಯಿಲ್ಲ’ ಎಂದು ಕೈ ತೊಳೆದುಕೊಳ್ಳಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ನಮ್ಮ ಹತ್ತಿರವೇ ಈ ಆಟ? ನಿದ್ದೆ ಚೆನ್ನಾಗಿದೆ, ಬೇರೆ ನೋವಿಲ್ಲ, ಭಯವಿಲ್ಲ ಎಂದು ಬರೆದೆ. ಅಮ್ಮ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು.

ಆಪರೇಷನ್ ಆಗಿ ಗಾಯ ಮಾಯಿತು. ಎಕ್ಸ್‌ರೇ ಚೆನ್ನಾಗಿಯೇ ಬಂತು. ಆರು ತಿಂಗಳಾದರೂ ನೋವು ಮಾತ್ರ ಹೋಗಲಿಲ್ಲ. ಕಳಪೆ ಮಂಡಿ ಕೂರಿಸಿರಬೇಕೆಂದು ಎಕ್ಸ್‌ರೇ ಹಿಡಿದು ಶಿವಾಜಿನಗರದ ಇನ್ನೊಬ್ಬ ಡಾಕ್ಟರ ಬಳಿಗೆ ಹೋದೆ. ಕೆಲಸ ಅಚ್ಚುಕಟ್ಟಾಗಿದೆ ಎಂದರು. ಡಾಕ್ಟರುಗಳು ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆಯೇ ಎಂದುಕೊಂಡು, ಜಗಳಕ್ಕೆ ಸಿದ್ಧವಾಗಿಯೇ ಅಮ್ಮನನ್ನು ಮೊದಲಿನವರ ಬಳಿ ಕರೆದುಕೊಂಡು ಹೋದೆ.

ಅವರು ಆ ಫಾರಂ ತೆಗೆದು ಮುಂದಿಟ್ಟರು. ಹೊಸ ಮಂಡಿ ಸರಿಯಾಗಿ ಕೂತರೂ ಕೆಲವರಿಗೆ ನೋವು ಉಳಿದುಬಿಡುತ್ತದಂತೆ. ಯಾರಿಗೆ ಉಳಿಯಬಹುದೆಂದು ಮೊದಲೇ ಅಂದಾಜು ಮಾಡಲು ಈ ಪ್ರಶ್ನೆಗಳು. ಖಚಿತವಾಗಿ ಹೇಳಲಾಗದು, ಆದರೆ ಸುಳಿವು ಸಿಕ್ಕರೆ ನಿದ್ದೆಗೆ, ಭಯಕ್ಕೆ ಮೊದಲು ಏನಾದರೂ ಮಾಡಿ ಆಮೇಲೆ ಆಪರೇಷನ್ ಮಾಡುತ್ತಾರಂತೆ. “ನಿಮ್ಮ ತಾಯಿಯವರ ಉತ್ತರಗಳಲ್ಲಿ ಅಂಥದ್ದೇನೂ ಇಲ್ಲ. ನನಗೂ ಅರ್ಥವಾಗುತ್ತಿಲ್ಲ,” ಎಂದರು ಇಂಗ್ಲಿಷಿನಲ್ಲಿ.

ನನಗೆ ನಾಚಿಕೆಯಾಯಿತು. ಫಾರಂ ಅನ್ನು ಅವರ ಕಡೆಗೇ ಸರಿಸಿದೆ. ಇನ್ನೊಮ್ಮೆ ಕೇಳಿ ನೋಡೋಣವೆಂದು ಅವರು ಕನ್ನಡ ಬಲ್ಲ ನರ್ಸ್ ಒಬ್ಬರನ್ನು ಕರೆಸಿದರು.

“ಅಜ್ಜಿ, ನಿದ್ದೆ ಬರುತ್ತಾ ನಿಮ್ಗೆ?”

ಅಮ್ಮ ಮಂಡಿ ನೀವಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿದಳು. “ಎಲ್ಲಾ ಅವತ್ತೇ ಹೇಳಿದೀನಮ್ಮ. ನನ್ ಮಗ ಬರ್ದಿದಾನೆ. ಅದ್ರಲ್ಲೇ ನೋಡ್ಕೊಳ್ಳಿ.”