ಜೀಪಿಗೆ ಒರಗಿ ನಿಂತವರು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುವುದೇ ಹಳೆಯ ಫೋಟೋಗಳಿಂದ. ಯುದ್ಧಕಾಲದ ಲಾರಿಗಳು, ಯಾರದೋ ಅಜ್ಜನ ಉದ್ದ ಮೂತಿಯ ಕಾರು, ಗಡಿಯ ಕಡೆಯ ಊರುಗಳ ಪೇಟೆಬೀದಿ, ಮೀಸೆ ತಿರುವಿದ ಸಿಪಾಯಿಗಳು. ಮೂವತ್ತು ವರ್ಷ ಮಣಿಪಾಲದ ಏರಿನಲ್ಲಿ ಜನರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿ ಗಂಟಲು ಹರಿದುಕೊಂಡವನು ನಾನು. ಬಂಪರಿನ ಬಾಗು ನೋಡಿಯೇ ಗಾಡಿ ಯಾವುದೆಂದು ಹೇಳುತ್ತೇನೆ. ತಪ್ಪು ಹೇಳಿದವರನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ. "ಇವತ್ತು ಯಾವ ಗುಜರಿ?" ಎಂದು ಹೆಂಡತಿ ದಿನಾ ಕೇಳುತ್ತಾಳೆ.

ದೊಡ್ಡಮ್ಮನ ಹತ್ತಿರವೂ ಅಂಥದೊಂದು ಫೋಟೋ ಇತ್ತು. ಅವರು ಅಮ್ಮನ ಅಕ್ಕ, ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿ ತಮ್ಮನ ಸಂಸಾರದೊಂದಿಗೆ ಇರುವವರು. ದೊಡ್ಡಪ್ಪ ಸೇನೆಯಲ್ಲಿ ಡ್ರೈವರ್. ಮದುವೆಯಾದ ಮೇಲೆ ಊರಿಗೆ ಬಂದದ್ದು ಒಂದೇ ಒಂದು ರಜೆಗೆ. ಆಮೇಲೆ ಯುದ್ಧವಾಯಿತು. ಅದು ಮುಗಿದ ಮೇಲೆ ಬಂದ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ತೀರಿಕೊಂಡಿದ್ದಾರೆ ಎಂದಿರಲಿಲ್ಲ. ಆ ಒಂದು ಶಬ್ದ ಹಿಡಿದುಕೊಂಡು ದೊಡ್ಡಮ್ಮ ಐವತ್ತು ವರ್ಷಕ್ಕೂ ಮಿಕ್ಕಿ ಹಣೆಗೆ ಕುಂಕುಮ ಇಟ್ಟರು, ಕೊರಳ ಕರಿಮಣಿ ತೆಗೆಯಲಿಲ್ಲ. ಹಿಂದಿನಿಂದ ಆಡಿಕೊಂಡವರು ಬೇಕಾದಷ್ಟು ಮಂದಿ.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರವರಿಗೆ ಬದುಕಿದ್ದಾಗ ಇಷ್ಟವಾಗಿದ್ದದ್ದನ್ನು ಅವರವರ ಎಲೆಗೆ ಇಟ್ಟು, ಬಾಗಿಲು ಓರೆ ಮಾಡಿ, ಹೊರಗೆ ಸುಮ್ಮನೆ ಕಾಯುತ್ತೇವೆ. ಅಜ್ಜನ ಎಲೆಯ ಬದಿಯಲ್ಲಿ ಇಂದಿಗೂ ಒಂದು ಬೀಡಿ ಇರುತ್ತದೆ. ದೊಡ್ಡಪ್ಪನಿಗೆ ಮಾತ್ರ ಎಲೆ ಇರಲಿಲ್ಲ. ಹಿಂದೊಮ್ಮೆ ಯಾರೋ ಹಿರಿಯರು ಹಾಕಿದ್ದಕ್ಕೆ, ದೊಡ್ಡಮ್ಮ ಆ ಎಲೆಯನ್ನು ಎತ್ತಿಕೊಂಡು ಹಟ್ಟಿಗೆ ಹೋಗಿ ದನಕ್ಕೆ ತಿನ್ನಿಸಿದ್ದರಂತೆ. ಆಮೇಲೆ ಯಾರೂ ಆ ಸುದ್ದಿಗೆ ಹೋಗಲಿಲ್ಲ.

ಫೋಟೋವನ್ನೂ ಅವರು ಗೋಡೆಗೆ ಹಾಕಿದವರಲ್ಲ. ಗೋಡೆಗೆ ಏರಿದರೆ ಹಿಂದೆಯೇ ಮಾಲೆಯೂ ಬರುತ್ತದೆಂಬ ಹೆದರಿಕೆ. ಅದು ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು.

ಕಳೆದ ಬೇಸಿಗೆಯಲ್ಲಿ ನನ್ನ ಫೋನಿನ ಚಿತ್ರಗಳನ್ನು ಅವರಿಗೆ ತೋರಿಸುತ್ತಾ ಕೂತಿದ್ದೆ. ಯಾವುದೋ ಗಡಿ ಊರಿನ ಪೇಟೆ ಬಂತು. ದೊಡ್ಡಮ್ಮ ಎದ್ದು ಒಳಗೆ ಹೋಗಿ ಆ ಫೋಟೋ ತಂದರು. ಜೀಪಿನ ಬಾನೆಟ್ಟಿಗೆ ಮೊಣಕೈ ಊರಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ದೊಡ್ಡಪ್ಪ. ಹಿಂದೆ ಇಕ್ಕಟ್ಟಿನ ಅಂಗಡಿ ಬೀದಿ, ಅರ್ಧ ಕಾಣುವ ಬೋರ್ಡು, ಮರವಿಲ್ಲದ ಗುಡ್ಡ.

"ಅವರ ಕಾಗದದಲ್ಲಿ ಬರೀ ನಂಬರು ಇರ್ತಿತ್ತು ಮಗ. ಊರಿನ ಹೆಸರು ಬರೆಯಲಿಕ್ಕಿಲ್ಲವಂತೆ. ಇದು ಯಾವ ಊರು ಅಂತ ನಿನ್ನ ಜನ ಹೇಳ್ತಾರಾ?"

"ಹೇಳದೆ ಎಲ್ಲಿಗೆ ಹೋಗ್ತಾರೆ!" ಎಂದೆ.

"ಜಾಗ್ರತೆ. ಇರುವುದು ಇದೊಂದೇ."

ಫೋಟೋಗೆ ಬೂಷ್ಟು ಹಿಡಿದಿತ್ತು. ಕಡಿಯಾಳಿಯ ಸ್ಟುಡಿಯೋ ಒಂದಕ್ಕೆ ಕೊಟ್ಟು, ಚೊಕ್ಕ ಮಾಡಿ ದೊಡ್ಡದು ಮಾಡಿ ಗಾಜಿನ ಕಟ್ಟು ಹಾಕಿಸಿ ಎಂದೆ. ಕಟ್ಟು ಹಾಕಿಸಲು ದೊಡ್ಡಮ್ಮ ಹೇಳಿರಲಿಲ್ಲ. ಕಪಾಟಿನ ಮೇಲಾದರೂ ಇಟ್ಟುಕೊಳ್ಳಲಿ ಎಂಬ ಉಮೇದು ನನ್ನದು. ಸ್ಟುಡಿಯೋದವರು ಚೊಕ್ಕ ಮಾಡಿದ ಪ್ರತಿಯನ್ನು ಮೊದಲು ಫೋನಿಗೆ ಕಳಿಸಿದರು. ಅದನ್ನು ಗುಂಪಿಗೆ ಹಾಕಿದ್ದೇ ತಡ, ಜೀಪಿನ ಮೇಲೆ ಮೂರು ದಿನ ಯುದ್ಧ. ಹೆಡ್‌ಲೈಟು ಯಾವ ಕಾಲದ್ದು, ಟ್ಯಾಂಕಿಗೆ ಎಷ್ಟು ಪೆಟ್ರೋಲ್ ಹಿಡಿಯುತ್ತಿತ್ತು, ಏರಿನಲ್ಲಿ ಎಷ್ಟು ಕುಡಿಯುತ್ತಿತ್ತು. ನಾನು ಎಲ್ಲರ ಬಾಯಿ ಮುಚ್ಚಿಸಿದೆ. ನಡುವೆ ನಾಲ್ಕಾರು ಜನ 'ಓಂ ಶಾಂತಿ' ಎಂದು ಕೈಮುಗಿದ ಚಿತ್ರ ಹಾಕಿದ್ದರು. ಅದನ್ನು ನೋಡಿದೆ, ಮುಂದೆ ಹೋದೆ. ಕೊನೆಗೆ ಕಾಪುವಿನ ಒಬ್ಬ ನಿವೃತ್ತ ಸೈನಿಕರು ಬೋರ್ಡಿನ ಅಕ್ಷರ ಮತ್ತು ಗುಡ್ಡ ನೋಡಿ ಊರಿನ ಹೆಸರು ಹೇಳಿಯೇಬಿಟ್ಟರು.

ಆ ದಿನವೇ ಸ್ಟುಡಿಯೋದಿಂದ ಹಳೆಯ ಫೋಟೋವನ್ನೂ ಕಟ್ಟು ಹಾಕಿದ್ದರ ಪೊಟ್ಟಣವನ್ನೂ ತೆಗೆದುಕೊಂಡು ಕಾರ್ಕಳದ ಬಸ್ ಹತ್ತಿದೆ. ಪೇಪರ್ ಸುತ್ತಿ ದಾರ ಕಟ್ಟಿತ್ತು. ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇತ್ತು. ಬಿಚ್ಚಿ ನೋಡಬಹುದಿತ್ತು. ನಾನು ಫೋನಿನಲ್ಲಿ ನನ್ನ ಜಾಣತನಕ್ಕೆ ಬಂದ ಹೊಗಳಿಕೆ ಓದುತ್ತಿದ್ದೆ.

ದೊಡ್ಡಮ್ಮನೇ ದಾರ ಬಿಚ್ಚಿದರು. ದೊಡ್ಡಪ್ಪ ಹೊಸ ಗಾಜಿನೊಳಗೆ ಹೊಳೆಯುತ್ತಿದ್ದರು. ಹಣೆಯ ಮೇಲೆ ಕೆಂಪು ಬೊಟ್ಟು. ಕಟ್ಟಿನ ಸುತ್ತ ಗಂಧದ ಚಕ್ಕೆಯ ಮಾಲೆ.

ಅವರು ಮಾಲೆಯ ಒಂದು ಚಕ್ಕೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಮಾಲೆ ಹಾಕಿಸಿದೆಯಾ ಮಗ?"

"ನಾನಲ್ಲ ದೊಡ್ಡಮ್ಮ, ಆ ಸ್ಟುಡಿಯೋದವರು... ತೆಗೀತೇನೆ, ಬೇರೆ ಮಾಡಿಸ್ತೇನೆ." ಏನಾದರೂ ಒಂದು ಒಳ್ಳೆಯದು ಹೇಳಬೇಕಲ್ಲ ಎಂದು, "ಊರು ಸಿಕ್ಕಿತು" ಎಂದು ಹೆಸರು ಹೇಳಿದೆ. ಅವರು ಆ ಹೆಸರನ್ನು ಎರಡು ಸಲ ಮೆಲ್ಲಗೆ ಹೇಳಿ ನೋಡಿದರು.

"ಈಗ ಅಲ್ಲಿ ಎಂತ ಉಂಟು?"

"ಹೋಟೆಲುಗಳು ಉಂಟಂತೆ. ಟೂರಿಸ್ಟರು ಹೋಗ್ತಾರಂತೆ."

ಮಾಲೆಗೆ ಕೈ ಹಾಕಿದ ನನ್ನನ್ನು ತಡೆದರು. "ಇರಲಿ ಬಿಡು. ನೀವೆಲ್ಲ ಮನಸ್ಸಿನಲ್ಲಿ ಯಾವಾಗಲೋ ಹಾಕಿ ಆಗಿದೆಯಲ್ವಾ? ನಾನೊಬ್ಬಳೇ ಬಾಕಿ."

ಮರುದಿನ ಜಗಳಕ್ಕೆಂದೇ ಕಡಿಯಾಳಿಗೆ ಹೋದೆ. ಸ್ಟುಡಿಯೋದವರು ಪಾಪ, ಬೆಪ್ಪಾಗಿ ನಿಂತರು. "ಹಳೇ ಫೋಟೋ ದೊಡ್ಡದು ಮಾಡಿಸುವವರೆಲ್ಲ ಅದಕ್ಕೇ ತರುವುದಲ್ವಾ ಸರ್? ಮಿಲಿಟ್ರಿಯವರು ಅಂತ ಮಾಲೆ ನಾನೇ ಪ್ರೀತಿಯಿಂದ ಹಾಕಿದೆ." ಬಂದ ದಾರಿಗೇ ತಿರುಗಿದೆ. ಬದುಕಿರಬಹುದು ಎಂದು ನಾನೂ ಒಂದು ಮಾತು ಹೇಳಿರಲಿಲ್ಲ. ನನಗೇ ಹಾಗೆ ಅನಿಸಿರಲಿಲ್ಲ. ದೊಡ್ಡಮ್ಮ ಹೇಳಿದ್ದು ನಿಜ.

ಆಟಿಯಲ್ಲಿ ಎಲೆ ಹಾಕುವ ದಿನ ಕುಕ್ಕುಂದೂರಿಗೆ ಹೋದೆ. ದೊಡ್ಡಮ್ಮನ ಹಣೆ ಬರಿದಾಗಿತ್ತು. ಎಲೆಗಳನ್ನು ಸಾಲಾಗಿ ಹಾಸಿದ ಮೇಲೆ ಅವರು ನನ್ನನ್ನು ಕರೆದು, "ಇನ್ನೊಂದು ಎಲೆ ಕೊಯ್ದು ತಾ" ಎಂದರು. ತಂದುಕೊಟ್ಟೆ. ತಾವೇ ಒರೆಸಿ ಹಾಸಿದರು. ಕೋಳಿ ಸಾರು, ಪತ್ರೊಡೆ, ಒಣಮೀನಿನ ಚಟ್ನಿ ಎಲ್ಲ ಮುಂದಿತ್ತು. ಸೌಟು ಹಿಡಿದ ಕೈ ಅಲ್ಲೇ ನಿಂತಿತು.

"ಅವರಿಗೆ ಎಂತ ಇಷ್ಟ ಅಂತ ನೆನಪೇ ಆಗುವುದಿಲ್ಲ ಮಗ. ಒಂದೇ ರಜೆ ಅಲ್ವಾ? ನಿನಗೆ ಗೊತ್ತುಂಟಾ?"

ಆ ಜೀಪಿನ ಟ್ಯಾಂಕಿಗೆ ಎಷ್ಟು ಪೆಟ್ರೋಲ್ ಹಿಡಿಯುತ್ತದೆಂದು ನನಗೆ ಗೊತ್ತಿತ್ತು. ತಲೆ ಅಲ್ಲಾಡಿಸಿದೆ.

"ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇಡ್ತೇನೆ," ಎಂದರು ದೊಡ್ಡಮ್ಮ. "ಬೇಕಾದ್ದು ಉಣ್ಲಿ."