ಹೊಗೆಗೆ ಎರಡು ಹಗ್ಗ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಹೊರಗೆ ಹೋಗಲು ಬಾಗಿಲಿತ್ತು, ಹೊಗೆಗೆ ಮಾತ್ರ ಇರಲಿಲ್ಲ. ಕಾಪುವಿನ ಕಡಲ ದಂಡೆಯ ಹಂಚಿನ ಮನೆ ಅದು. ಅಡುಗೆಮನೆಗೆ ಇದ್ದದ್ದು ಅಂಗೈ ಅಗಲದ ಒಂದು ಕಿಂಡಿ. ಒಲೆಗೆ ಹಾಕುತ್ತಿದ್ದದ್ದು ತೆಂಗಿನ ಮಡಲು ಮತ್ತು ಸಿಪ್ಪೆ. ಕಡಲ ಬದಿಯಲ್ಲಿ ಅವು ಪೂರ್ತಿ ಒಣಗುವುದು ಅಪರೂಪ, ಹಾಗಾಗಿ ಉರಿಗಿಂತ ಹೊಗೆಯೇ ಹೆಚ್ಚು. ಶಾಲೆಯಲ್ಲಿ ನಾನು ಪುಸ್ತಕ ತೆರೆದರೆ ಪಕ್ಕದಲ್ಲಿ ಕುಳಿತವಳಿಗೆ ನಮ್ಮ ಒಲೆಯ ವಾಸನೆ ಬರುತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಕೆಮ್ಮು ನಿಲ್ಲದಾಯಿತು. ಕಣ್ಣು ಯಾವಾಗಲೂ ಕೆಂಪು. ಡಾಕ್ಟರು ಔಷಧಿ ಕೊಟ್ಟು, ಹೊಗೆಯಿಂದ ದೂರ ಇರಬೇಕು ಎಂದರು. ದಿನಾ ಒಲೆಯ ಮುಂದೆ ಕುಳಿತುಕೊಳ್ಳುವವಳು ದೂರ ಹೋಗುವುದು ಎಲ್ಲಿಗೆ? ಅಪ್ಪ ಎರಡು ದಿನ ಯೋಚಿಸಿ ನನ್ನನ್ನು ಕರೆದರು. "ಇನ್ನು ಅಡುಗೆ ನೀನು ಮಾಡು. ಶಾಲೆ ಇಷ್ಟು ಸಾಕು," ಎಂದರು. ನಮ್ಮ ಮನೆತನದಲ್ಲಿ ಏಳನೇ ಕ್ಲಾಸು ದಾಟಿದವರು ಯಾರೂ ಇರಲಿಲ್ಲ. ಅಪ್ಪನಿಗೆ ಅದು ದೊಡ್ಡ ಮಾತು ಅಂತ ಅನಿಸಲೇ ಇಲ್ಲ.

ನಾನು ಅಳಲಿಲ್ಲ. "ಹೊಗೆಯನ್ನೇ ಹೊರಗೆ ಕಳಿಸಿದರೆ ಆಗುದಿಲ್ವಾ?" ಎಂದು ಕೇಳಿದೆ.

"ಓ, ಕಳಿಸುವವಳು ಯಾರು? ನೀನಾ?" ಅಪ್ಪನ ಜೊತೆ ದೋಣಿಗೆ ಹೋಗುತ್ತಿದ್ದ ಅಣ್ಣ ನಕ್ಕ.

"ಭಾನುವಾರದವರೆಗೆ ಸಮಯ ಉಂಟು. ಕಳಿಸಿ ತೋರಿಸು," ಎಂದರು ಅಪ್ಪ.

ಭಾನುವಾರ ಮುಂಜಾನೆ ಅವರಿಬ್ಬರೂ ಹಾಯಿ ಬಿಚ್ಚಿ ಕಡಲಿಗೆ ಹೋದರು. ನಾನು ಒಂದು ಹಿಡಿ ತೆಂಗಿನ ನಾರು ಹೊತ್ತಿಸಿ ಅಂಗಳದಲ್ಲಿ ಹಿಡಿದೆ. ಹೊಗೆ ಪಡುವಣಕ್ಕೆ, ಕಡಲ ಕಡೆಗೆ ಬಾಗಿತು. ಸರಿ, ಅದಕ್ಕೆ ಹೋಗಬೇಕಾದ ದಾರಿ ಅದೇ ಅಂದುಕೊಂಡೆ. ಏಣಿ ಹತ್ತಿ ಮಾಡಿನ ಪಡುವಣ ಬದಿಯಲ್ಲಿ, ಒಲೆಯ ನೇರಕ್ಕೆ ಎರಡು ಹಂಚು ತೆಗೆದೆ. ಮೊಣಕೈವರೆಗೆ ಮಸಿಯಾಯಿತು. ಕೆಳಗೆ ಅಮ್ಮ ಗಂಜಿಗೆ ನೀರಿಟ್ಟಳು. ಹೊಗೆ ಎದ್ದು, ಒಮ್ಮೆ ಸುತ್ತಿ, ಬೆಳಕಿನ ಆ ಚೌಕದಿಂದ ಹೊರಗೆ ಹೋಯಿತು.

ಅಮ್ಮ ಸುತ್ತ ನೋಡಿದಳು. "ನಮ್ಮ ಗೋಡೆ ಇಷ್ಟು ಕಪ್ಪು ಉಂಟು ಅಂತ ಇವತ್ತೇ ಗೊತ್ತಾದದ್ದು ಮಾರಾಯ್ತಿ!" ಎಂದಳು. ಗಂಜಿ ಬೇಯುವವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ನಾನು ಸೋಮವಾರದ ಪುಸ್ತಕಗಳನ್ನು ಚೀಲಕ್ಕೆ ತುಂಬಿಸಿದೆ.

ಮಧ್ಯಾಹ್ನ ದೋಣಿ ಬಂತು. ಅಪ್ಪ, ಅಣ್ಣ ಕಾಲು ತೊಳೆಯುವಾಗ ಒಲೆಯ ಮೇಲೆ ಬಂಗುಡೆ ಮೀನಿನ ಸಾರು ಕುದಿಯುತ್ತಿತ್ತು. ಅಷ್ಟರಲ್ಲಿ ನಾನು ಹಂಚು ತೆಗೆದ ಜಾಗದಿಂದಲೇ ಗಾಳಿ ದಬಕ್ಕನೆ ಒಳಗೆ ನುಗ್ಗಿತು. ಹೊಗೆಯೆಲ್ಲ ಕೆಳಗಿಳಿಯಿತು. ಮಾಡಿನ ಮಸಿ ಸಾರಿಗೆ ಬಿತ್ತು. ಅಮ್ಮ ಕೆಮ್ಮುತ್ತಾ ಹೊರಗೆ ಓಡಿ ಬಂದು ಜಗಲಿಯ ಕಂಬ ಹಿಡಿದುಕೊಂಡಳು.

"ನೀನು ಕಳಿಸಿದ ಹೊಗೆ ಪೇಟೆಗೆ ಹೋಗಿ ವಾಪಸ್ ಬಂತಲ್ಲ!" ಎಂದ ಅಣ್ಣ.

ಅಪ್ಪ ನಗಲಿಲ್ಲ. ತಲೆ ಎತ್ತಿ ಮಾಡಿನ ಕಡೆ ನೋಡಿ ನನ್ನನ್ನು ಕೇಳಿದರು: "ಬೆಳಿಗ್ಗೆ ನಮ್ಮನ್ನು ಕಡಲಿಗೆ ಕೊಂಡುಹೋದ ಗಾಳಿ ಯಾವುದು?"

"ಮೂಡು ಗಾಳಿ."

"ಈಗ ದಡಕ್ಕೆ ತಂದದ್ದು?"

ನನಗೆ ನಾಚಿಕೆಯಾಯಿತು. ದಿನಾ ಹಾಯಿ ನೋಡುವ ಮನೆಯವಳು ನಾನು, ಮಧ್ಯಾಹ್ನಕ್ಕೆ ಗಾಳಿ ತಿರುಗುವುದನ್ನೇ ಮರೆತಿದ್ದೆ. "ಪಡು ಗಾಳಿ," ಎಂದೆ. "ಹಾಗಾದರೆ ಮಧ್ಯಾಹ್ನದ ದಾರಿ ಮೂಡು ಬದಿಯಲ್ಲಿ ಇರಬೇಕು. ಎರಡೂ ಬೇಕು ಅಪ್ಪ. ಒಂದು ತೆರೆದಾಗ ಇನ್ನೊಂದು ಮುಚ್ಚಬೇಕು," ಎಂದೆ.

ಅಪ್ಪ ದೋಣಿಯಿಂದ ಹಗ್ಗ ತಂದರು. ಹಳೆಯ ಹಲಗೆ ಕೊಯ್ದು ಎರಡು ಮುಚ್ಚಳ ಮಾಡಿ, ಮಾಡಿನ ಎರಡೂ ಬದಿಗೆ ಕೂರಿಸಿದರು. ಒಲೆಯ ಎಡಕ್ಕೊಂದು, ಬಲಕ್ಕೊಂದು ಹಗ್ಗ ಇಳಿಬಿಟ್ಟರು. "ಹಾಯಿ ತಿರುಗಿಸುವ ಹಾಗೆಯೇ," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಮೂಡು ಬದಿಯ ಹಗ್ಗ ಎಳೆದು ಆ ಮುಚ್ಚಳ ತೆರೆದಳು. ಹೊಗೆ ಆ ಕಡೆಯಿಂದ ಹೋಯಿತು. ಅಮ್ಮ ಒಲೆಯ ಮುಂದೆ ಕುಳಿತು, ಕೆಮ್ಮು ಬರುತ್ತದಾ ಎಂದು ಕಾದಳು. ಬರಲಿಲ್ಲ.

ಅಪ್ಪ ಮಸಿ ಬಿದ್ದ ಸಾರನ್ನೇ ಉಂಡು ಕೈ ತೊಳೆದರು. "ನಾಳೆ ಶಾಲೆಗೆ ಹೋಗುವ ಮೊದಲು ಅಮ್ಮನಿಗೆ ಸರಿಯಾಗಿ ತೋರಿಸಿಕೊಡು," ಎಂದರು. ಶಾಲೆ ಬಿಡುವ ಮಾತು ಮತ್ತೆ ಬರಲಿಲ್ಲ. ಮಳೆಗಾಲದಲ್ಲಿ ಎರಡೂ ಮುಚ್ಚಳ ಮುಚ್ಚಿ ಹಿಂದಿನ ಜಗಲಿಯಲ್ಲಿ ಒಲೆ ಹೂಡುತ್ತಿದ್ದೆವು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಮಕ್ಕಳೇ, ಮಣಿಪಾಲದ ನಿಮ್ಮ ಫ್ಲ್ಯಾಟಿನಲ್ಲಿ ಗುಂಡಿ ಒತ್ತಿದರೆ ಚಿಮಣಿ ಹೊಗೆಯನ್ನು ಎಳೆದುಕೊಳ್ಳುತ್ತದೆ. ಯಾರೂ ಏಣಿ ಹತ್ತಬೇಕಾಗಿಲ್ಲ. ಒಳ್ಳೆಯದೇ. ಮೊನ್ನೆ ಮೀನು ಹುರಿಯುವಾಗ ಕರೆಂಟು ಹೋಯಿತು, ಮನೆಯೆಲ್ಲ ಹೊಗೆ. "ಅಜ್ಜಿ, ಈಗ ಎಂತ ಮಾಡುದು?" ಎಂದು ನೀವಿಬ್ಬರೂ ಗುಂಡಿಯನ್ನೇ ನೋಡುತ್ತಿದ್ದಿರಿ. ನಾನು ಅಗರಬತ್ತಿ ಹೊತ್ತಿಸಿ ಕಿಟಕಿಯ ಹತ್ತಿರ ಹಿಡಿದೆ. ಹೊಗೆ ಮೂಡಣಕ್ಕೆ ಬಾಗಿತು. ಆ ಬದಿಯ ಬಾಲ್ಕನಿ ಬಾಗಿಲು ತೆರೆಯಲು ಹೇಳಿದೆ. ಮನೆ ತಿಳಿಯಾಯಿತು. ಗಂಟೆ ಎಷ್ಟಾಯಿತು ಎಂದು ನಾನು ಗಡಿಯಾರ ನೋಡಲಿಲ್ಲ. ಮಧ್ಯಾಹ್ನವಾಗಿದೆ, ಕಾಪುವಿನಲ್ಲಿ ದೋಣಿಗಳು ದಡಕ್ಕೆ ಬರುವ ಹೊತ್ತು ಎಂದು ಗೊತ್ತಾಗಿತ್ತು.